ಬಹುಮಾನ ಬಾರದ ಕಪ್ಪು ಹೇಂಟೆಗಳು

ಮನೆಗೆ ತಂದು ಪೆಟ್ಟಿಗೆಯ ಮುಚ್ಚಳ ತೆಗೆದಾಗ ಮೊದಲು ಕತ್ತು ಚಾಚಿದ್ದು ಹುಂಜ. ಮೈತುಂಬ ಪಟ್ಟೆ. ಕತ್ತಿನಿಂದ ಬಾಲದ ತುದಿಯವರೆಗೆ ಒಂದು ಬಿಳಿ, ಒಂದು ಕಪ್ಪು, ಮತ್ತೆ ಬಿಳಿ, ಮತ್ತೆ ಕಪ್ಪು, ಅಡಿಪಟ್ಟಿ ಇಟ್ಟು ಗೆರೆ ಎಳೆದ ಹಾಗೆ. ಅದರ ಹಿಂದೆ ಎರಡು ಹೇಂಟೆಗಳು ಮುದುರಿ ಕೂತಿದ್ದವು. ಅವುಗಳ ಬಣ್ಣ ಎಷ್ಟು ಗಾಢವೆಂದರೆ ಎರಡು ಮಾರು ದೂರದಿಂದ ನೋಡಿದರೆ ಪಟ್ಟೆ ಇದೆಯೆಂದೇ ತಿಳಿಯುತ್ತಿರಲಿಲ್ಲ. ನೋಡಲು ಬಂದಿದ್ದ ಗೆಳೆಯ, "ಹುಂಜ ಸರಿ, ಇವೆರಡನ್ನು ಯಾಕೆ ತಂದೆ?" ಎಂದ. ಕಾರಣ ನನಗೆ ಗೊತ್ತಿತ್ತು. ಕೇಳಿಸಿಕೊಂಡು ಬಂದದ್ದನ್ನು ಹಾಗೇ ಒಪ್ಪಿಸಿದೆ ಕೂಡ. ಆದರೆ ಆ ಮಾತು ನನ್ನದಾಗಲು ಇನ್ನೂ ಎರಡು ವರ್ಷ ಹಿಡಿಯಿತು.

ಈ ಪಟ್ಟೆ ಕೋಳಿಯ ಹೆಸರು ಬಾರ್ಡ್ ಪ್ಲಿಮತ್ ರಾಕ್, ಚಿಕ್ಕದಾಗಿ ಬಾರ್ಡ್ ರಾಕ್. ಅದು ನನಗೆ ಹೊಸ ತಳಿಯೇನಲ್ಲ. ಅದಕ್ಕೆ ಮುಂಚೆ ಮೂರು ವರ್ಷ ಹ್ಯಾಚರಿಯಿಂದ ತಂದ ಮರಿಗಳನ್ನು ಇದೇ ಹೆಸರಿನಲ್ಲಿ ಸಾಕಿದ್ದೆ. ಸಾಧು ಸ್ವಭಾವ, ಮೊಟ್ಟೆಗೆ ಕೊರತೆಯಿಲ್ಲ, ರೋಗರುಜಿನ ಕಡಿಮೆ. ಅವುಗಳ ಮೇಲೆ ನನಗೆ ಇವತ್ತಿಗೂ ಪ್ರೀತಿಯಿದೆ. ಹಾಗಿರುವಾಗ ಒಮ್ಮೆ ಕೋಳಿ ಪ್ರದರ್ಶನ ನೋಡಲು ಹೋದೆ. ಸಾಲುಗೂಡುಗಳ ನಡುವೆ ನಡೆಯುತ್ತಿದ್ದವನು ಒಂದು ಗೂಡಿನ ಎದುರು ನಿಂತವನು ಬಹಳ ಹೊತ್ತು ಕದಲಲಿಲ್ಲ. ಚೀಟಿಯಲ್ಲಿದ್ದದ್ದು ನನ್ನ ಕೋಳಿಗಳದೇ ತಳಿಯ ಹೆಸರು. ಒಳಗಿದ್ದದ್ದು ಬೇರೆಯೇ ಹಕ್ಕಿ. ಅಗಲವಾದ ಉದ್ದ ಬೆನ್ನು, ತುಂಬಿದ ಎದೆ, ಗಟ್ಟಿಯಾಗಿ ಊರಿದ ಹಳದಿ ಕಾಲು. ನನ್ನವುಗಳ ಪಟ್ಟೆ ಒದ್ದೆ ಕಾಗದದ ಮೇಲೆ ಶಾಯಿ ಹರಡಿದಂತಿತ್ತು, ಇದರದು ಕೊರೆದಿಟ್ಟಂತಿತ್ತು.

ಇದರಲ್ಲಿ ಹ್ಯಾಚರಿಯ ತಪ್ಪು ಹುಡುಕುವುದು ಸರಿಯಲ್ಲ. ಅಲ್ಲಿ ಪ್ರತಿ ತಲೆಮಾರಿನಲ್ಲೂ ಆರಿಸುವುದು ಹೆಚ್ಚು ಮೊಟ್ಟೆಯಿಡುವ, ಬೇಗ ಬೆಳೆಯುವ, ಕಾವಿನಲ್ಲಿ ಚೆನ್ನಾಗಿ ಒಡೆಯುವ ಕೋಳಿಯನ್ನು. ಬೆನ್ನಿನ ಅಗಲವನ್ನೋ ಜುಟ್ಟಿನ ಆಕಾರವನ್ನೋ ನೋಡಿ ಆರಿಸುವವರು ಅಲ್ಲಿಲ್ಲ, ಅದು ಅವರ ಕೆಲಸವೂ ಅಲ್ಲ. ಯಾರೂ ಆರಿಸದ ಗುಣ ತನ್ನಷ್ಟಕ್ಕೆ ಸವೆಯುತ್ತಾ ಹೋಗುತ್ತದೆ. ಕೊನೆಗೆ ಹೆಸರು ಮಾತ್ರ ಉಳಿಯುತ್ತದೆ. ಮೊಟ್ಟೆಗಾಗಿ ಕೋಳಿ ಬೇಕೆಂದು ಯಾರಾದರೂ ಕೇಳಿದರೆ ನಾನು ಈಗಲೂ ಹ್ಯಾಚರಿಯ ಮರಿಯನ್ನೇ ತೋರಿಸುತ್ತೇನೆ. ಪ್ರದರ್ಶನದ ವಂಶದ ಹೇಂಟೆಗಳು ಸಾಮಾನ್ಯವಾಗಿ ಅಷ್ಟು ಮೊಟ್ಟೆ ಇಡುವುದಿಲ್ಲ.

ತಳಿಯ ಹೆಸರಿನ ಹಿಂದೆ ಏನಿರಬೇಕು ಎಂಬುದನ್ನು ಯಾರೋ ಕೂತು ಬರೆದಿಟ್ಟಿದ್ದಾರೆ. ಅಮೆರಿಕದ ಮೊದಲ ದೊಡ್ಡ ಕೋಳಿ ಪ್ರದರ್ಶನ ಬಾಸ್ಟನ್‌ನಲ್ಲಿ ನಡೆದದ್ದು 1849ರಲ್ಲಿ. ಆಗ ಯಾವ ಕೋಳಿ ಉತ್ತಮ ಎನ್ನಲು ಎಲ್ಲರೂ ಒಪ್ಪುವ ಅಳತೆಗೋಲು ಇರಲಿಲ್ಲ. 1873ರಲ್ಲಿ ಅಮೆರಿಕನ್ ಪೌಲ್ಟ್ರಿ ಅಸೋಸಿಯೇಷನ್ ಹುಟ್ಟಿತು, ಮರುವರ್ಷ ತಳಿಗಳ ಗುಣಮಾನದ ಮೊದಲ ಪುಸ್ತಕ ಬಂತು, ಬಾರ್ಡ್ ರಾಕ್ ಆ ಮೊದಲ ಪಟ್ಟಿಯಲ್ಲೇ ಇತ್ತು. ಬಲಿತ ಹುಂಜ ಒಂಬತ್ತೂವರೆ ಪೌಂಡ್, ಅಂದರೆ ಸುಮಾರು 4.3 ಕಿಲೋ ತೂಗಬೇಕು. ಹೇಂಟೆ ಏಳೂವರೆ ಪೌಂಡ್, ಸುಮಾರು 3.4 ಕಿಲೋ. ಜುಟ್ಟು ಒಂಟಿ, ನೆಟ್ಟಗೆ, ಐದು ಹಲ್ಲಿನದು. ಕಿವಿಹಾಲೆ ಕೆಂಪು. ಕಾಲು ಹಳದಿ. ಪಟ್ಟೆ ಗರಿಯ ಮೇಲ್ಭಾಗದಲ್ಲಿದ್ದರೆ ಸಾಲದು, ಬುಡದ ನಯವಾದ ತುಪ್ಪಳದಲ್ಲೂ ಚರ್ಮದವರೆಗೆ ಇಳಿದಿರಬೇಕು, ಗರಿಯ ತುದಿ ಕಪ್ಪಿನಲ್ಲೇ ಮುಗಿಯಬೇಕು. ತೀರ್ಪುಗಾರರು ಬೆನ್ನಿನ ಗರಿ ಬಿಡಿಸಿ ಒಳಗೆ ನೋಡುವುದು ಇದಕ್ಕೇ. ಜುಟ್ಟಿನ ಪಕ್ಕದಿಂದ ಇನ್ನೊಂದು ಚಿಕ್ಕ ಮೊಳಕೆ ಹೊರಟಿದ್ದರೆ, ಬೋಳಾಗಿರಬೇಕಾದ ಕಾಲಿನಲ್ಲಿ ಒಂದು ತುಂಡು ಗರಿ ಕಂಡರೆ, ಉಳಿದದ್ದೆಲ್ಲ ಎಷ್ಟೇ ಚೆನ್ನಾಗಿದ್ದರೂ ಆ ಹಕ್ಕಿ ಸ್ಪರ್ಧೆಯಿಂದ ಹೊರಗೆ.

ಆ ಗೂಡಿನ ಹಕ್ಕಿಯನ್ನು ಸಾಕಿದವರು ಒಬ್ಬ ಹಿರಿಯ ಹೆಂಗಸು. ಒಂದೇ ತಳಿ, ಒಂದೇ ಬಣ್ಣ, ಮೂವತ್ತು ವರ್ಷಕ್ಕೂ ಮೇಲೆ. ನಾನು ಹೋಗಿ, "ಅಮ್ಮಾ, ಒಂದು ಜೋಡಿ ಕೊಡುತ್ತೀರಾ?" ಎಂದು ಕೇಳಿದೆ. ಅವರು ಇಲ್ಲವೆನ್ನಲಿಲ್ಲ, ಹೂಂ ಎನ್ನಲೂ ಇಲ್ಲ. ಪ್ರಶ್ನೆ ಕೇಳತೊಡಗಿದರು. ಗೂಡು ಎಷ್ಟಿವೆ? ಎರಡು ಗುಂಪನ್ನು ಬೇರೆ ಬೇರೆ ಇಡಲು ಜಾಗವಿದೆಯಾ? ಯಾವ ಮರಿ ಯಾವ ತಾಯಿಯದು ಎಂದು ಬರೆದಿಡುವ ತಾಳ್ಮೆ ಇದೆಯಾ? ಕೊನೆಗೆ, "ಹುಟ್ಟಿದ್ದರಲ್ಲಿ ಅರ್ಧ ಹುಂಜಗಳೇ ಇರುತ್ತವಪ್ಪಾ. ಅವನ್ನೆಲ್ಲ ಏನು ಮಾಡುತ್ತೀಯ?"

ಮೊದಲ ಮೂರಕ್ಕೆ ಹೇಗೋ ಉತ್ತರಿಸಿದ್ದೆ. ಕೊನೆಯದಕ್ಕೆ ನನ್ನ ಹತ್ತಿರ ಏನೂ ಇರಲಿಲ್ಲ. "ಯೋಚನೆ ಮಾಡಿಕೊಂಡು ಬಾ" ಎಂದರು. ಆಗ ನನಗೆ ಸ್ವಲ್ಪ ಅವಮಾನವಾದಂತಾಯಿತು. ಈಗ ನಾನು ಅದನ್ನೇ ಒಳ್ಳೆಯ ಬ್ರೀಡರ್‌ನ ಗುರುತು ಎಂದುಕೊಂಡಿದ್ದೇನೆ. ಹಣ ತೆಗೆದುಕೊಂಡು ಪೆಟ್ಟಿಗೆ ಕೊಡುವುದು ಸುಲಭ. ತನ್ನ ಕೈಯಲ್ಲಿ ಹುಟ್ಟದ ಮರಿಗಳ, ಇನ್ನೊಬ್ಬರ ಅಂಗಳದಲ್ಲಿ ಮುಂದೆಂದೋ ಹುಟ್ಟಲಿರುವ ಮರಿಗಳ ಗತಿಯೇನೆಂದು ಕೇಳುವವರು ಕಡಿಮೆ. ಆ ಪ್ರಶ್ನೆ ಕೇಳದವರಿಂದ ನಾನಾದರೆ ಹಕ್ಕಿ ತರುವುದಿಲ್ಲ.

ಉತ್ತರ ಹೊಂದಿಸಿಕೊಂಡು ಹೋದಮೇಲೂ ಒಂದೂವರೆ ವರ್ಷ ಕಾಯಬೇಕಾಯಿತು. ಆ ಅವಧಿಯಲ್ಲಿ ಎರಡು ಸಲ ಅವರ ಮನೆಗೆ ಹೋಗಿದ್ದೆ. ಎರಡು ಸಲವೂ ನನ್ನ ಬೂಟು ಬಾಗಿಲ ಹೊರಗೇ ಬಿಡಿಸಿ ತಮ್ಮಲ್ಲಿದ್ದ ಬೇರೆ ಜೋಡಿ ಕೊಟ್ಟರು. ಗೂಡಿನೊಳಗೆ ಬಿಡಲಿಲ್ಲ, ಜಾಲರಿಯಾಚೆ ನಿಂತೇ ನೋಡಬೇಕಿತ್ತು. ಮರಿಗಳನ್ನು ಕೊಲ್ಲುವ ಪುಲ್ಲೋರಮ್ ರೋಗದ ಪರೀಕ್ಷೆಯ ಕಾಗದ ಕೇಳುವ ಮೊದಲೇ ಮುಂದಿಟ್ಟರು. ಆ ರೋಗ ತಾಯಿಯಿಂದ ಮೊಟ್ಟೆಯ ಮೂಲಕವೇ ಮರಿಗೆ ದಾಟುತ್ತದೆ, ಮೈಕೋಪ್ಲಾಸ್ಮಾ ಎಂಬ ಉಸಿರಾಟದ ರೋಗ ಕೂಡ ಹಾಗೆಯೇ. ಕಾವಿನ ಮೊಟ್ಟೆ ತಂದರೆ ರೋಗದ ಭಯವಿಲ್ಲ ಎಂದು ನಂಬಿದ್ದ ನನಗೆ ಇದು ಹೊಸ ಸಂಗತಿ. ಹೊಸ ಹಕ್ಕಿಗಳನ್ನು 30 ದಿನ ಹಳೆಯವುಗಳಿಂದ ದೂರವಿಟ್ಟು, ಅವುಗಳ ಕೆಲಸವನ್ನು ದಿನದ ಕೊನೆಯಲ್ಲಿ ಮಾಡಬೇಕು ಎಂಬುದನ್ನೂ ಅಲ್ಲೇ ಕಲಿತೆ.

ಎರಡನೆಯ ಭೇಟಿಯಲ್ಲಿ ನಾನು ನನ್ನ ಆಸೆಯನ್ನು ಬಾಯಿಬಿಟ್ಟು ಹೇಳಿದೆ. ಆ ವರ್ಷ ಅವರ ಒಂದು ಹುಂಜಕ್ಕೂ ಒಂದು ಹೇಂಟೆಗೂ ಬಹುಮಾನ ಬಂದಿತ್ತು. ಅವೆರಡರ ಮರಿಗಳಾದರೂ ಸಾಕು ಎಂದೆ. ಚಿನ್ನಕ್ಕೆ ಚಿನ್ನ ಸೇರಿದರೆ ಚಿನ್ನವೇ ಅಲ್ಲವೇ ಎಂಬ ಲೆಕ್ಕ ನನ್ನದು. ಅವರು ಹತ್ತಿರದ ಕಲ್ಲಿನ ಮೇಲೆ ಕೂತು, ನನ್ನನ್ನೂ ಕೂರಿಸಿ, "ಅವೆರಡನ್ನು ಕೂಡಿಸಿದರೆ ಎರಡೂ ಹೋಗುತ್ತವೆ" ಎಂದು ಶುರುಮಾಡಿದರು.

ಅಂದು ಅವರು ಹೇಳಿದ್ದನ್ನು, ಆಮೇಲೆ ನಾನು ಓದಿಕೊಂಡದ್ದನ್ನು ಸೇರಿಸಿ ಹೇಳುತ್ತೇನೆ. ಪಟ್ಟೆಗೆ ಕಾರಣವಾದ ಜೀನ್ ಇರುವುದು ಲಿಂಗ ನಿರ್ಧರಿಸುವ ವರ್ಣತಂತುವಿನ ಮೇಲೆ. ಮನುಷ್ಯರಲ್ಲಿರುವುದಕ್ಕೆ ತಿರುವುಮುರುವಾಗಿ, ಹಕ್ಕಿಗಳಲ್ಲಿ ಗಂಡಿಗೆ ಒಂದೇ ಬಗೆಯ ಎರಡು ಝೆಡ್ ತಂತುಗಳು, ಹೆಣ್ಣಿಗೆ ಒಂದು ಝೆಡ್, ಒಂದು ಡಬ್ಲ್ಯೂ. ಹಾಗಾಗಿ ಶುದ್ಧ ತಳಿಯ ಹುಂಜದಲ್ಲಿ ಪಟ್ಟೆಯ ಜೀನ್ ಎರಡು ಪ್ರತಿ ಇರುತ್ತದೆ, ಹೇಂಟೆಯಲ್ಲಿ ಯಾವಾಗಲೂ ಒಂದೇ. ಎರಡು ಪ್ರತಿ ಇದ್ದಲ್ಲಿ ಬಿಳಿಯ ಭಾಗ ಅಗಲವಾಗುತ್ತದೆ. ಒಂದೇ ತಾಯಿತಂದೆಗೆ ಹುಟ್ಟಿದರೂ ಅಣ್ಣ ತಿಳಿ ಬಣ್ಣದವನು, ತಂಗಿ ಗಾಢ ಬಣ್ಣದವಳು. ಇದು ಪ್ರಕೃತಿಯ ಕಟ್ಟು. ಆದರೆ ಪ್ರದರ್ಶನದ ಗೂಡಿನಲ್ಲಿ ಹುಂಜ ಹೇಂಟೆ ಎರಡೂ ಒಂದೇ ಛಾಯೆಯಲ್ಲಿ ಕಾಣಬೇಕೆಂದು ಜನ ಬಯಸಿದರು.

ಹಾಗೆ ಬಯಸಿದವರು ದಾರಿಯನ್ನೂ ಹುಡುಕಿದರು. ಒಂದು ತಳಿಯೊಳಗೆ ಎರಡು ವಂಶ. ಹುಂಜದ ವಂಶದಲ್ಲಿ ಎಲ್ಲವನ್ನೂ ಗಾಢ ಬಣ್ಣದ ಕಡೆಗೆ ಎಳೆದರು. ಆಗ ಹುಂಜಗಳು ಸರಿಯಾದ ಛಾಯೆಗೆ ಬಂದು ನಿಂತವು, ಅವುಗಳ ಅಕ್ಕತಂಗಿಯರು ಮಸಿಯಂತಾದರು. ಹೇಂಟೆಯ ವಂಶದಲ್ಲಿ ತಿಳಿ ಬಣ್ಣದ ಕಡೆಗೆ ಎಳೆದರು. ಅಲ್ಲಿ ಹೇಂಟೆಗಳು ಸರಿಹೋದವು, ಹುಂಜಗಳು ಬೂದಿ ಬಳಿದಂತೆ ಬಿಳಿಚಿಕೊಂಡವು. ಬಹುಮಾನದ ಹುಂಜ ಬೇಕಾದರೆ ಅಂಥ ಹುಂಜಕ್ಕೆ ಕಪ್ಪು ಹೇಂಟೆಯನ್ನು ಕೂಡಿಸಬೇಕು. ಬಹುಮಾನದ ಹೇಂಟೆ ಬೇಕಾದರೆ ಅಂಥ ಹೇಂಟೆಗೆ ಬಿಳಿಚಿದ ಹುಂಜವನ್ನು ಕೂಡಿಸಬೇಕು. ಬಹುಮಾನಕ್ಕೆ ಬಹುಮಾನ ಕೂಡಿಸಿದರೆ ಸಿಗುವುದು ನಡುವಿನದು: ತುಸು ತಿಳಿಯಾದ ಹುಂಜ, ತುಸು ಕಪ್ಪಾದ ಹೇಂಟೆ, ಎರಡೂ ಪ್ರದರ್ಶನದ ಗೂಡಿಗೆ ಬಾರದವು. ಲಿಂಗದ ವರ್ಣತಂತು ಎಂಬ ಮಾತೇ ಹುಟ್ಟದ 19ನೇ ಶತಮಾನದಲ್ಲಿ, ಬರಿಗಣ್ಣಿನಿಂದ ನೋಡಿ ನೋಡಿ ಕೋಳಿ ಸಾಕುವವರು ಈ ವ್ಯವಸ್ಥೆಗೆ ಬಂದಿದ್ದರು. ತಾಯಿತಂದೆಯ ಗುಣ ಮಕ್ಕಳಿಗೆ ಬರುವ ಬಗ್ಗೆ ಮೆಂಡೆಲ್ ಕಂಡುಕೊಂಡ ನಿಯಮಗಳು ಕೋಳಿಗೂ ಅನ್ವಯಿಸುತ್ತವೆ ಎಂದು ಇಂಗ್ಲೆಂಡಿನ ವಿಜ್ಞಾನಿ ಬೇಟ್ಸನ್ ತೋರಿಸಿಕೊಟ್ಟದ್ದು 1902ರಲ್ಲಿ, ಜುಟ್ಟಿನ ಆಕಾರದಂಥ ಗುಣಗಳನ್ನು ಹಿಡಿದು. ಅದಕ್ಕೂ ಹಿಂದಿನವರ ಆ ಕಣ್ಣು, ಆ ತಾಳ್ಮೆ ನೆನೆದಾಗ ನನಗೆ ಗೌರವ ಮೂಡುತ್ತದೆ.

"ಎರಡೂ ವಂಶ ಒಟ್ಟಿಗೆ ಹಿಡಿಯಬೇಡ. ಒಂದು ಹಿಡಿ" ಎಂದರು ಅಮ್ಮ. ನಾನು ಹುಂಜದ ವಂಶವನ್ನು ಆರಿಸಿಕೊಂಡೆ. ಕಾವಿನ ಮೊಟ್ಟೆ ಕೊಡಬಹುದಿತ್ತು, ಆದರೆ ಕುಲುಕಾಡುತ್ತಾ ಪ್ರಯಾಣ ಮಾಡಿದ ಮೊಟ್ಟೆಯೊಳಗಿನ ಗಾಳಿಕೋಶ ಸಡಿಲವಾಗಿ ಎಷ್ಟೋ ಒಡೆಯುವುದೇ ಇಲ್ಲ. ಒಂದು ದಿನದ ಮರಿ ಕೊಡಬಹುದಿತ್ತು, ಆದರೆ ಆ ವಯಸ್ಸಿನಲ್ಲಿ ಯಾವ ಮರಿ ಏನಾದೀತೆಂದು ಯಾರಿಗೂ ಹೇಳಲಾಗದು. ಆದ್ದರಿಂದ ಬಲಿತ ಹಕ್ಕಿಗಳನ್ನೇ ಕೊಟ್ಟರು, ಒಂದು ಹುಂಜ, ಎರಡು ಹೇಂಟೆ. ಹೇಂಟೆಗಳ ಕಾಲಿನ ಹಳದಿ ಮಾಸಿದ್ದನ್ನು ಕಂಡು ನಾನು ಅನುಮಾನಿಸಿದೆ. ಮೊಟ್ಟೆಯಿಡುತ್ತಾ ಹೋದಂತೆ ಕಾಲಿನ ಬಣ್ಣ ಮೊಟ್ಟೆಯ ಹಳದಿ ಭಾಗಕ್ಕೆ ಇಳಿದು ಹೋಗುತ್ತದೆ, ಮೊಟ್ಟೆ ನಿಂತಮೇಲೆ ಮರಳುತ್ತದೆ ಎಂದರು. ಮಾಸಿದ ಕಾಲು ದುಡಿದ ಹೇಂಟೆಯ ಗುರುತು.

ಆ ಸಲ 27 ಮರಿ ಒಡೆದವು. 21ನೇ ದಿನದ ಬೆಳಗ್ಗೆ ನೋಡಿದರೆ ಕಪ್ಪು ಉಂಡೆಗಳು, ಪ್ರತಿಯೊಂದರ ನೆತ್ತಿಯ ಮೇಲೂ ಬಿಳಿ ಚುಕ್ಕೆ. ಗಂಡಿನ ಚುಕ್ಕೆ ದೊಡ್ಡದು, ಅಂಚು ಚೆದುರಿದ್ದು; ಹೆಣ್ಣಿನದು ಚಿಕ್ಕದು, ಅಚ್ಚುಕಟ್ಟು. ಆ ದಿನವೇ ಕಾಲ್ಬೆರಳುಗಳ ನಡುವಿನ ತೆಳು ಚರ್ಮದಲ್ಲಿ ಗುರುತಿನ ತೂತು ಹಾಕಿದೆ. ಒಂದು ಕಾಲಿಗೆ ಎರಡು ಜಾಗ, ಎರಡು ಕಾಲಿಗೆ ನಾಲ್ಕು. ತೂತು ಇದೆ, ಇಲ್ಲ ಎಂದು ಲೆಕ್ಕ ಹಾಕಿದರೆ 16 ಬೇರೆ ಬೇರೆ ಗುರುತು ಸಿಗುತ್ತದೆ. ಕಾಲಿನ ಬಳೆ ಕಳಚಿ ಬೀಳಬಹುದು, ಈ ಗುರುತು ಜೀವವಿರುವವರೆಗೆ ಇರುತ್ತದೆ. ಮೊದಲ ಮರಿಯ ಕಾಲು ಹಿಡಿದಾಗ ಕೈ ನಡುಗಿತ್ತು. ಮರಿ ಒಮ್ಮೆ ಚೀಂ ಎಂದು ಸುಮ್ಮನಾಯಿತು.

ಆಮೇಲೆ ನನಗೆ ನಿಜವಾದ ಭಯ ಶುರುವಾಯಿತು. ನಾಲ್ಕು ವಾರವಾಯಿತು, ಐದಾಯಿತು, ಆರಾಯಿತು, ಮರಿಗಳ ಬೆನ್ನು ಇನ್ನೂ ಬೋಳು. ಹ್ಯಾಚರಿಯ ಮರಿಗಳು ಆ ಹೊತ್ತಿಗೆ ಮೈತುಂಬ ಗರಿ ಹೊದ್ದು ಓಡಾಡುತ್ತಿದ್ದದ್ದು ನೆನಪಿತ್ತು. ಇವು ಚಳಿಗೆ ದೀಪದಡಿ ಗುಂಪುಗೂಡುತ್ತಿದ್ದವು. ಆಹಾರ ಸಾಲದೇನೋ, ಹುಳವೇನೋ, ಒಂದನ್ನೊಂದು ಗರಿ ಕೀಳುತ್ತಿವೆಯೇನೋ ಎಂದು ರಾತ್ರಿಯೆಲ್ಲ ಟಾರ್ಚ್ ಹಿಡಿದು ಕೂತೆ. ಬೆಳಗ್ಗೆ ಅಮ್ಮನಿಗೆ ಫೋನ್ ಮಾಡಿದೆ. "ಬೋಳಾಗಿವೆಯಾ? ಹಾಗಾದರೆ ಸರಿಯಾಗಿಯೇ ಇವೆ" ಎಂದರು.

ಪಟ್ಟೆಯ ಮರ್ಮ ಅಲ್ಲೇ ಇತ್ತು. ಗರಿ ಬೆಳೆಯುವಾಗ ಕಪ್ಪು ಬಣ್ಣ ಒಂದಷ್ಟು ಹೊತ್ತು ಸೇರುತ್ತದೆ, ಒಂದಷ್ಟು ಹೊತ್ತು ನಿಲ್ಲುತ್ತದೆ, ಮತ್ತೆ ಸೇರುತ್ತದೆ. ಗರಿ ಸರಸರ ಬೆಳೆದರೆ ಪಟ್ಟೆ ಅಗಲವಾಗಿ, ಅಂಚು ಕಲಸಿಹೋಗುತ್ತದೆ. ನಿಧಾನವಾಗಿ ಬೆಳೆದರೆ ಪಟ್ಟೆ ಕಿರಿದಾಗಿ, ಒತ್ತಾಗಿ, ಅಂಚು ಚೂಪಾಗಿ ಬರುತ್ತದೆ. ನಿಧಾನ ಗರಿಯ ಜೀನ್ ಕೂಡ ಝೆಡ್ ತಂತುವಿನ ಮೇಲೆಯೇ ಇದೆ, ಪ್ರದರ್ಶನದ ಬಾರ್ಡ್ ರಾಕ್‌ಗಳಲ್ಲಿ ಅದನ್ನು ಉಳಿಸಿಕೊಂಡು ಬಂದಿದ್ದಾರೆ. ಪ್ರದರ್ಶನದಲ್ಲಿ ನನ್ನನ್ನು ನಿಲ್ಲಿಸಿದ ಆ ಕೊರೆದಂಥ ಗೆರೆಗಳು ವಾರಗಟ್ಟಲೆ ಬೋಳು ಬೆನ್ನಿನಲ್ಲಿ ಚಳಿ ಹೊತ್ತು ಬಂದಂಥವು. ಬೇಗ ಗರಿ ಮೂಡುವ ಮರಿಯೇ ಒಳ್ಳೆಯ ಮರಿ ಎಂದು ನಾನು ಮೂರು ವರ್ಷ ನಂಬಿದ್ದೆ, ಬೇರೆ ಉದ್ದೇಶಕ್ಕೆ ಅದು ನಿಜವೂ ಹೌದು.

ಆರಿಸುವ ಕೆಲಸದ ಬಗ್ಗೆ ನಾನು ಕಡಿಮೆ ಹೇಳುತ್ತೇನೆ, ಅದು ಕಷ್ಟದ ಕೆಲಸ. ಜುಟ್ಟಿನ ಪಕ್ಕ ಮೊಳಕೆ ಇದ್ದದ್ದು ಎರಡು, ಬಾಲ ಒಂದು ಪಕ್ಕಕ್ಕೆ ವಾಲಿದ್ದು ಒಂದು. ಇವು ಬೇಗ ಗೊತ್ತಾದವು. ಉಳಿದವನ್ನು ಹತ್ತು ತಿಂಗಳವರೆಗೆ ಇಟ್ಟುಕೊಳ್ಳಬೇಕಾಯಿತು. ದೊಡ್ಡ ತಳಿಗಳ ಮೈಕಟ್ಟು ನಿಧಾನವಾಗಿ ತುಂಬುತ್ತದೆ, ಐದು ತಿಂಗಳಲ್ಲಿ ಉದ್ದಕಾಲಿನ ಅಸಡ್ಡಾಳ ಹುಡುಗನಂತಿದ್ದ ಹುಂಜವೊಂದು ಹನ್ನೊಂದನೆಯ ತಿಂಗಳಲ್ಲಿ ಎಲ್ಲಕ್ಕಿಂತ ಚೆನ್ನಾಗಿ ನಿಂತಿತು. ಕೊನೆಗೆ ನಾನು ಉಳಿಸಿಕೊಂಡದ್ದು ನಾಲ್ಕು: ಒಂದು ಹುಂಜ, ಮೂರು ಹೇಂಟೆ. ಮಿಕ್ಕ ಹುಂಜಗಳಿಗೆ ನಾನು ಅಮ್ಮನಿಗೆ ಕೊಟ್ಟಿದ್ದ ಮಾತಿನಂತೆ, ಎಲ್ಲಿಗೆ ಹೋಗುತ್ತವೆ, ಹೇಗೆ ಹೋಗುತ್ತವೆ ಎಂಬುದನ್ನು ನಾನೇ ನಿಂತು ನೋಡಿದೆ. ಅದನ್ನು ಬೇರೆಯವರಿಗೆ ವಹಿಸಿ ಕಣ್ಣು ಮುಚ್ಚಿಕೊಳ್ಳಲು ಮನಸ್ಸು ಬರಲಿಲ್ಲ.

ಉಳಿಸಿಕೊಂಡ ಮೂರು ಹೇಂಟೆಗಳಲ್ಲಿ ಎರಡನ್ನು ಆರಿಸಿದ್ದು ಅವುಗಳ ಕಪ್ಪಿನ ಒಳಗಿದ್ದ ಗೆರೆ ನೋಡಿ. ದೂರದಿಂದ ಮಸಿ. ಕೈಯಲ್ಲಿ ಹಿಡಿದು ರೆಕ್ಕೆ ಬಿಡಿಸಿ ಬೆಳಕಿಗೆ ಹಿಡಿದರೆ, ಕಪ್ಪಿನ ನಡುವೆ ಬಿಳಿಯ ಎಳೆ ನೂಲಿನಷ್ಟು ತೆಳ್ಳಗೆ, ತುದಿಯಿಂದ ಬುಡದವರೆಗೆ ಒಂದೂ ತಪ್ಪದೆ. ಅಮ್ಮ ಕೊಟ್ಟ ಕಪ್ಪು ಹೇಂಟೆಗಳ ರೆಕ್ಕೆಯನ್ನು ನಾನು ಹಾಗೆ ಬಿಡಿಸಿ ನೋಡಿರಲೇ ಇಲ್ಲ. ಅಂದು ಸಂಜೆ ಹೋಗಿ ನೋಡಿದೆ. ಹುಂಜದ ಮೈಮೇಲೆ ಎಲ್ಲರೂ ಮೆಚ್ಚುವ ಗೆರೆ ಈ ತಾಯಂದಿರ ರೆಕ್ಕೆಯಲ್ಲಿ ಮೊದಲೇ ಇತ್ತು.

ಆ ಹುಂಜವನ್ನು ಪ್ರದರ್ಶನಕ್ಕೆ ಒಯ್ದೆ. ವಾರ ಮೊದಲೇ ಗೂಡಿನಲ್ಲಿ ನಿಲ್ಲುವ ಅಭ್ಯಾಸ, ಉಗುರುಬೆಚ್ಚಗಿನ ನೀರಿನಲ್ಲಿ ಸ್ನಾನ, ಜುಟ್ಟಿಗೆ ಕಾಲಿಗೆ ಎಣ್ಣೆಯ ಕೈ. ಮೂರನೆಯ ಸ್ಥಾನ ಬಂತು. ರೆಕ್ಕೆಯಲ್ಲಿ ಪೂರ್ತಿ ಕಪ್ಪಾದ ಒಂದು ಗರಿ ಇದೆ ಎಂದು ಚೀಟಿಯಲ್ಲಿ ಬರೆದಿದ್ದರು. ಇತ್ತು, ನಾನೂ ನೋಡಿದ್ದೆ.

ನಾನು ಬಹುಮಾನಕ್ಕಿಂತ ಹೆಚ್ಚು ಯೋಚಿಸಿದ್ದು ರಕ್ತಸಂಬಂಧದ ಬಗ್ಗೆ. ಮೂರೇ ಹಕ್ಕಿಯಿಂದ ಶುರುಮಾಡಿ ಹೊರಗಿನ ರಕ್ತ ತರದೆ ಹೋದರೆ ಕೆಲವು ತಲೆಮಾರಿನಲ್ಲಿ ಮೊಟ್ಟೆ ಒಡೆಯುವುದು ಕಡಿಮೆಯಾಗುತ್ತದೆ, ಮರಿಗಳ ಕಸುವು ಇಳಿಯುತ್ತದೆ. ಸಿಕ್ಕಸಿಕ್ಕ ಹೊಸ ಹುಂಜ ತಂದರೆ ಮೂವತ್ತು ವರ್ಷದ ಆಯ್ಕೆ ಒಂದೇ ವಸಂತದಲ್ಲಿ ಕದಡಿಹೋಗುತ್ತದೆ. ಅಮ್ಮ ಕಲಿಸಿದ್ದು ಮೂರು ಮನೆತನದ ಪದ್ಧತಿ. ಮೂರು ಗೂಡು, ಮೂರು ಮನೆತನ. ಹೆಣ್ಣುಮಕ್ಕಳು ತಾಯಿಯ ಮನೆತನದಲ್ಲೇ ಉಳಿಯುತ್ತಾರೆ. ಗಂಡುಮಕ್ಕಳು ಪಕ್ಕದ ಮನೆತನಕ್ಕೆ ಹೋಗುತ್ತಾರೆ, ಯಾವಾಗಲೂ ಒಂದೇ ದಿಕ್ಕಿಗೆ. ಗೂಡಿನ ಹುಂಜ ಬದಲಿಸಿದಾಗ ಮೂರು ವಾರವಾದರೂ ಕಾದು ಆಮೇಲೆ ಕಾವಿಗೆ ಮೊಟ್ಟೆ ಕೂಡಿಡಬೇಕು. ಹೇಂಟೆಯ ಒಡಲಲ್ಲಿ ಹಳೆಯ ಹುಂಜದ ಬೀಜ ಅಷ್ಟು ದಿನ ಜೀವಂತವಾಗಿರುತ್ತದೆ, ಅವಸರ ಮಾಡಿದರೆ ತಂದೆ ಯಾರೆಂಬ ಲೆಕ್ಕ ತಪ್ಪುತ್ತದೆ. ಎರಡು ಹೇಂಟೆಗಳಿಂದ ಎರಡು ಮನೆತನ ನನ್ನಲ್ಲೇ ಆಯಿತು. ಮೂರನೆಯದಕ್ಕೆ ಅಮ್ಮನೇ ಮರುವರ್ಷ ಅದೇ ವಂಶದ, ಆದರೆ ದೂರದ ಕವಲಿನ ಒಂದು ಹೇಂಟೆ ಕಳಿಸಿದರು. ಹಣದ ಮಾತೆತ್ತಿದೆ. "ನಿನ್ನ ಹತ್ತಿರ ಇದ್ದರೆ ನನ್ನ ಹತ್ತಿರ ಇದ್ದ ಹಾಗೆ" ಎಂದರು.

ಮೊನ್ನೆ ಮಳೆಗಾಲದಲ್ಲಿ ಅವರ ಫೋನ್ ಬಂತು. ರಾತ್ರಿ ಯಾವುದೋ ಪ್ರಾಣಿ ಜಾಲರಿಯ ಬುಡ ತೋಡಿ ಒಳನುಗ್ಗಿತ್ತು. ಹೇಂಟೆಯ ವಂಶದ ಗೂಡುಗಳು ಬಚಾವಾಗಿದ್ದವು. ಹುಂಜದ ವಂಶದ್ದು ಒಂದೂ ಉಳಿದಿರಲಿಲ್ಲ. ಅವರ ಧ್ವನಿಯಲ್ಲಿ ಅಳು ಇರಲಿಲ್ಲ, ಆದರೆ ಮಾತಿನ ನಡುವೆ ಉದ್ದುದ್ದ ಮೌನವಿತ್ತು. ನಾನು ನನ್ನ ಅತ್ಯುತ್ತಮ ಹುಂಜವನ್ನು, ಕಳೆದ ಸಲ ಮೊದಲ ಸ್ಥಾನ ಪಡೆದದ್ದನ್ನು, ತರುತ್ತೇನೆ ಎಂದೆ.

"ಹುಂಜ ಒಂದಿದ್ದರೆ ಸಾಕು, ಅದು ಯಾವುದಾದರೂ ಆದೀತು. ಕಪ್ಪು ಹೇಂಟೆ ಎಷ್ಟಿವೆ?"

"ಏಳು ಇವೆ ಅಮ್ಮಾ."

"ಯಾವ ಯಾವ ತಾಯಿಯವು? ಕಾಲಿನ ತೂತು ನೋಡಿ ಹೇಳು."

ಪುಸ್ತಕ ತಂದು, ಟಾರ್ಚ್ ಹಿಡಿದು, ಒಂದೊಂದೇ ಹೇಂಟೆಯನ್ನು ಎತ್ತಿ ಕಾಲು ನೋಡಿ ಓದಿ ಹೇಳಿದೆ. ಅವರು ಆಚೆಯಿಂದ ಬರೆದುಕೊಂಡರು. ಎಲ್ಲ ಮುಗಿದಮೇಲೆ ನಾಲ್ಕನ್ನು ಹೆಸರಿಸಿದರು. ಬೆಳಗಿನ ಜಾವ ಅವನ್ನು ಪೆಟ್ಟಿಗೆಗೆ ತುಂಬುವಾಗ ಒಂದೊಂದರ ರೆಕ್ಕೆಯನ್ನೂ ಬಿಡಿಸಿ ನೋಡಿದೆ. ಮುಚ್ಚಳದಲ್ಲಿ ಗಾಳಿಗೆ ತೂತು ಮಾಡಿ, ಹಗ್ಗ ಬಿಗಿದು, ಹೊರಟೆ.